ಬೀರುವಿನ ಬೀಗದ ಕೈ: ದಾವಣಗೆರೆ, ಹರಿಹರ ಸೀಮೆಯ ಹೈಸ್ಕೂಲು ಗ್ರಂಥಾಲಯಗಳ ನೂರು ವರ್ಷ

ಹರಿಹರ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಓದಿದ್ದು. ಊರಿನ ಹೆಸರು ಬರೆಯುವುದಿಲ್ಲ. ಇದು ಒಂದೇ ಊರಿನ ಕಥೆಯಲ್ಲ, ಓದುತ್ತಾ ಹೋದರೆ ನಿಮ್ಮೂರಿನದೂ ಅನ್ನಿಸಬಹುದು.

ನಮ್ಮ ಶಾಲೆಯ ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ‘ಗ್ರಂಥಾಲಯ’ ಎಂದು ಬರೆದಿತ್ತು. ಒಳಗೆ ಏನಿದೆ ಎಂದು ನಮಗೆ ಗೊತ್ತಿರಲಿಲ್ಲ. ಬೀಗದ ಕೈ ಮೇಷ್ಟ್ರ ಹತ್ತಿರ ಇರುತ್ತಿತ್ತು. ಮೂರು ವರ್ಷದಲ್ಲಿ ಆ ಬಾಗಿಲು ತೆರೆದದ್ದನ್ನು ನಾನು ನೋಡಿದ್ದು ಎರಡೋ ಮೂರೋ ಸಲ. ಒಮ್ಮೆ ಇನ್‌ಸ್ಪೆಕ್ಷನ್ ಬಂದಾಗ, ಮತ್ತೊಮ್ಮೆ ಶಾರದಾ ಪೂಜೆಗೆ. ಪೂಜೆಯ ದಿನ ನಾಲ್ಕು ದಪ್ಪ ಪುಸ್ತಕಗಳು ಹೊರಗೆ ಬಂದವು. ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋದವು.

ಹೋದ ವರ್ಷ ಅಂಕಪಟ್ಟಿಯ ಕೆಲಸಕ್ಕೆ ಅದೇ ಶಾಲೆಗೆ ಹೋಗಿದ್ದೆ. ಬೀರು ಅಲ್ಲೇ ಇತ್ತು, ಆದರೆ ಬಾಗಿಲು ತೆರೆದಿತ್ತು. ಹೊಸದಾಗಿ ಬಂದ ಶಿಕ್ಷಕಿಯೊಬ್ಬರು ಪುಸ್ತಕಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದರು. ಕೆಳಗಿನ ಸಾಲಿಗೆ ಗೆದ್ದಲು ಹಿಡಿದಿತ್ತು. ಅವರ ಪಕ್ಕದಲ್ಲಿ ಎರಡು ವಹಿಗಳಿದ್ದವು. ಒಂದು ದಾಸ್ತಾನು ವಹಿ, ಅಂದರೆ ಶಾಲೆಗೆ ಬಂದ ಪುಸ್ತಕಗಳ ಪಟ್ಟಿ. ಅದರಲ್ಲಿ ಪ್ರತಿಯೊಂದು ಪುಸ್ತಕಕ್ಕೂ ನಂಬರು, ಬೆಲೆ, ತಾರೀಖು ಎಲ್ಲ ಇತ್ತು, ಕಳೆದುಹೋದದ್ದು ಒಂದೂ ಇರಲಿಲ್ಲ. ಇನ್ನೊಂದು ಮಕ್ಕಳಿಗೆ ಕೊಟ್ಟ ಪುಸ್ತಕಗಳ ವಹಿ. ಅದು ಹೆಚ್ಚುಕಡಿಮೆ ಖಾಲಿ.

ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ. ಒಂದೂ ಪುಸ್ತಕ ಕಳೆಯದಂತೆ ಕಾಪಾಡಿದರು, ಆದರೆ ಯಾರೂ ಓದಲಿಲ್ಲ. ಮೇಷ್ಟ್ರನ್ನು ಬೈದು ಸುಮ್ಮನಾಗಬಹುದು. ಆದರೆ ನಮ್ಮ ಮೇಷ್ಟ್ರು ಕೆಟ್ಟವರಲ್ಲ, ಪಾಠ ಚೆನ್ನಾಗಿ ಮಾಡುತ್ತಿದ್ದರು. ಹಾಗಾದರೆ ಆ ಬೀಗ ಹಾಕಿಸಿದ್ದು ಯಾರು? ಇದನ್ನು ಹುಡುಕಿಕೊಂಡು ಹೊರಟರೆ ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಒಂದೇ ಸೀಮೆ, ಮೂರು ಸರ್ಕಾರ

ಇವತ್ತು ಹರಿಹರದಿಂದ ತುಂಗಭದ್ರಾ ಸೇತುವೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು. ಹರಿಹರ ಪಾಲಿಫೈಬರ್ಸ್ ಎಂದು ಹೆಸರಿದ್ದರೂ ಕಾರ್ಖಾನೆ ಇರುವುದು ಹೊಳೆಯಾಚೆ, ಕುಮಾರಪಟ್ಟಣಂನಲ್ಲಿ. ನಮಗೆ ಅದು ಪಕ್ಕದ ಜಿಲ್ಲೆ ಅಷ್ಟೆ, ಬೆಳಿಗ್ಗೆ ಹೋಗಿ ಸಂಜೆ ಬರುವ ದೂರ.

ನಮ್ಮ ಅಜ್ಜಂದಿರ ಕಾಲಕ್ಕೆ ಹಾಗಿರಲಿಲ್ಲ. ದಾವಣಗೆರೆ, ಹರಿಹರ ಎರಡೂ ಮೈಸೂರು ಮಹಾರಾಜರ ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊಳೆ ದಾಟಿದರೆ ರಾಣೆಬೆನ್ನೂರು, ಅದು ಧಾರವಾಡ ಜಿಲ್ಲೆ, ಬ್ರಿಟಿಷರ ಮುಂಬಯಿ ಪ್ರಾಂತ್ಯ. ಇತ್ತ ಉತ್ತರಕ್ಕೆ ಹರಪನಹಳ್ಳಿ, ಅದು ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ್ಯ. ಒಂದೇ ಜೋಳದ ರೊಟ್ಟಿ ತಿನ್ನುವ, ಒಂದೇ ಸಂತೆಗೆ ಬರುವ ಜನ ಮೂರು ಸರ್ಕಾರಗಳಲ್ಲಿ ಹಂಚಿಹೋಗಿದ್ದರು. ಶಾಲೆಯ ಪಠ್ಯ ಬೇರೆ, ಪರೀಕ್ಷೆ ಬೇರೆ, ಗ್ರಂಥಾಲಯಕ್ಕೆ ದುಡ್ಡು ಬರುವ ದಾರಿಯೂ ಬೇರೆ.

ಮದ್ರಾಸ್ ಸರ್ಕಾರ 1948ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತು. ಆಸ್ತಿ ತೆರಿಗೆ ಕಟ್ಟುವವರು ಅದರ ಜೊತೆಗೆ ಗ್ರಂಥಾಲಯಕ್ಕೆಂದು ಒಂದಿಷ್ಟು ಕರ ಕಟ್ಟಬೇಕು, ಆ ಹಣದಲ್ಲಿ ಗ್ರಂಥಾಲಯ ನಡೆಯಬೇಕು ಎನ್ನುವುದು ಅದರ ತಿರುಳು. ಹರಪನಹಳ್ಳಿ ಆಗ ಮದ್ರಾಸಿನಲ್ಲಿತ್ತು, ಹಾಗಾಗಿ ಕಾಯ್ದೆ ಅಲ್ಲಿಗೂ ಅನ್ವಯಿಸುತ್ತಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದರೂ ಅಲ್ಲಿ ಹಳೆಯ ಮದ್ರಾಸ್ ಗ್ರಂಥಾಲಯ ಕಾಯ್ದೆ ಮುಂದುವರಿಯಿತು. ಅದೇ ಹೊತ್ತಿನಲ್ಲಿ ದಾವಣಗೆರೆಯಲ್ಲಿ ಇಂಥ ಕಾಯ್ದೆ ಇರಲಿಲ್ಲ.

ಮುಂಬಯಿ ಸರ್ಕಾರದ ಕಡೆ 1939ರಲ್ಲಿ ಎ.ಎ.ಎ. ಫೈಜಿ ಅವರ ಅಧ್ಯಕ್ಷತೆಯಲ್ಲಿ ಗ್ರಂಥಾಲಯ ಸಮಿತಿ ರಚನೆಯಾಗಿತ್ತು. ದೊಡ್ಡ ನಗರದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹಳ್ಳಿಗೆ ಮೆಟ್ಟಿಲು ಮೆಟ್ಟಿಲಾಗಿ ಗ್ರಂಥಾಲಯಗಳು ಇರಬೇಕು ಎಂದು ಅದು ಸಲಹೆ ಕೊಟ್ಟಿತು. ಆದರೆ ಅದನ್ನು ಕಾನೂನಾಗಿ ಮಾಡಲಿಲ್ಲ.

ಆಮೇಲೆ 1956ರಲ್ಲಿ ಎಲ್ಲರೂ ಒಂದೇ ರಾಜ್ಯದವರಾದರು. 1997ರ ಆಗಸ್ಟ್ 15ರಂದು ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆಯಾಯಿತು. ಹರಪನಹಳ್ಳಿಯೂ ಅದರೊಳಗೆ ಬಂತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆಯ ಗಡಿಗಳು ಇಷ್ಟು ಸಲ ಬದಲಾದವು. ಶಾಲೆಯ ಬೀರುವಿನ ಸ್ಥಿತಿ ಅಷ್ಟು ಸುಲಭಕ್ಕೆ ಬದಲಾಗಲಿಲ್ಲ.

ಪೆಟ್ಟಿಗೆಯಲ್ಲಿ ಊರೂರು ತಿರುಗಿದ ಪುಸ್ತಕ

ಪುಸ್ತಕವನ್ನು ಜನರ ಹತ್ತಿರಕ್ಕೆ ಒಯ್ಯಬೇಕು ಎನ್ನುವ ಆಲೋಚನೆ ನಮ್ಮ ದೇಶದಲ್ಲಿ ದೊಡ್ಡದಾಗಿ ಶುರುವಾದದ್ದು ಬರೋಡಾ ಸಂಸ್ಥಾನದಲ್ಲಿ. ಅಲ್ಲಿನ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ವಿಲಿಯಂ ಬಾರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿದರು. ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳಿಸುವುದು, ಕೆಲವು ದಿನ ಆದಮೇಲೆ ಪೆಟ್ಟಿಗೆ ಬದಲಿಸುವುದು, ಹೀಗೆ ನಡೆಯಿತು.

ನಮ್ಮ ಮೈಸೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾಯ್ದೆ 1913ರಲ್ಲಿ ಬಂತು. 1915ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಸಾರ್ವಜನಿಕ ಗ್ರಂಥಾಲಯ ತೆರೆಯಿತು. ಅದೇ ವರ್ಷ ಕನ್ನಡ ಸಾಹಿತ್ಯ ಪರಿಷತ್ತು, ಮರುವರ್ಷ ಮೈಸೂರು ವಿಶ್ವವಿದ್ಯಾನಿಲಯ. ಓದು ಬರಹ ಎನ್ನುವುದು ಸರ್ಕಾರದ ಜವಾಬ್ದಾರಿ ಎಂಬ ಗಾಳಿ ಬೀಸತೊಡಗಿದ್ದು ಆಗ.

ಆ ಗಾಳಿ ದಾವಣಗೆರೆಗೂ ಬಂತು. 1922ರಲ್ಲಿ 8ನೇ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ದಾವಣಗೆರೆಯಲ್ಲಿ ನಡೆಯಿತು. ಅಧ್ಯಕ್ಷರು ಎಂ. ವೆಂಕಟಕೃಷ್ಣಯ್ಯನವರು, ಮೈಸೂರಿನ ಜನ ಪ್ರೀತಿಯಿಂದ ‘ತಾತಯ್ಯ’ ಎಂದು ಕರೆಯುತ್ತಿದ್ದವರು. ಅವರು ಮೈಸೂರಿನ ಮರಿಮಲ್ಲಪ್ಪ ಹೈಸ್ಕೂಲಿನ ಹೆಡ್‌ಮಾಸ್ಟರ್ ಆಗಿದ್ದವರು. ಜೊತೆಗೆ ಪತ್ರಿಕೆಗಳನ್ನು ನಡೆಸಿದ ಸಂಪಾದಕರು. ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಅವರು ನಡೆಸಿದ ಪತ್ರಿಕೆಗಳು. ಅಂದರೆ ದಾವಣಗೆರೆಯಲ್ಲಿ ನಡೆದ ಮೊದಲ ಸಾಹಿತ್ಯ ಸಮ್ಮೇಳನದ ಕುರ್ಚಿಯಲ್ಲಿ ಕೂತವರು ಒಬ್ಬ ಹೈಸ್ಕೂಲು ಮೇಷ್ಟ್ರು ಮತ್ತು ಪತ್ರಕರ್ತ. ಪತ್ರಿಕೋದ್ಯಮ ಓದಿ ಹಳ್ಳಿಗೆ ಬಂದ ನಮ್ಮಂಥವರಿಗೆ ಇದು ನೆನಪಿಡಬೇಕಾದ ವಿಷಯ.

ಬೀರುವಿನಲ್ಲಿ ಇಡಲು ಏನಿತ್ತು?

ಆದರೆ 1922ರಲ್ಲಿ ಹೈಸ್ಕೂಲು ಗ್ರಂಥಾಲಯಕ್ಕೆ ಕನ್ನಡ ಪುಸ್ತಕ ತರಬೇಕೆಂದರೆ ಎಲ್ಲಿಂದ ತರುವುದು? ಆಗ ಹೈಸ್ಕೂಲಿನ ಹೆಚ್ಚಿನ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಕನ್ನಡದಲ್ಲಿ ಹಳೆಯ ಕಾವ್ಯ, ಪುರಾಣ, ವ್ಯಾಕರಣ ಇದ್ದವು. ಹದಿಮೂರು ಹದಿನಾಲ್ಕರ ಹುಡುಗ ಹುಡುಗಿಯರು ತಾವಾಗಿ ಎತ್ತಿಕೊಂಡು ಓದುವಂಥವು ಕಡಿಮೆ.

ಆ ಕೊರತೆ ತುಂಬಿದವರಲ್ಲಿ ದೊಡ್ಡ ಹೆಸರು ಶಿವರಾಮ ಕಾರಂತರದು. 1930ರ ದಶಕದಲ್ಲಿ ಅವರು ‘ಬಾಲ ಪ್ರಪಂಚ’ ಎಂಬ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ ಹೊರತಂದರು. ಭೂಮಿ, ನಕ್ಷತ್ರ, ಪ್ರಾಣಿ, ಯಂತ್ರ, ದೇಶ ವಿದೇಶ ಎಲ್ಲವನ್ನೂ ಕನ್ನಡದ ಮಗುವಿಗೆ ಅರ್ಥವಾಗುವಂತೆ ಬರೆದರು. ಮೈಸೂರು ವಿಶ್ವವಿದ್ಯಾನಿಲಯದವರು ಪ್ರಚಾರೋಪನ್ಯಾಸ ಎಂದು ಊರುಗಳಿಗೆ ಹೋಗಿ ಕನ್ನಡದಲ್ಲಿ ಭಾಷಣ ಮಾಡಿಸಿ, ಅದನ್ನೇ ಸಣ್ಣ ಪುಸ್ತಕ ಮಾಡಿ ಹಂಚಿದರು. ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ವಿಜ್ಞಾನ, ಆರೋಗ್ಯ, ಸಾಹಿತ್ಯದ ಪುಸ್ತಕಗಳು ಅವು.

1940ರ ದಶಕದಲ್ಲಿ ವಯಸ್ಕರ ಶಿಕ್ಷಣ ಸಮಿತಿ ಹುಟ್ಟಿತು. ಹೊಸದಾಗಿ ಅಕ್ಷರ ಕಲಿತ ದೊಡ್ಡವರು ಮತ್ತೆ ಮರೆಯಬಾರದು ಎಂದು ‘ಬೆಳಕು’ ವಾರಪತ್ರಿಕೆ, ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆ ಹೊರಡಿಸಿತು, ಹಳ್ಳಿಗಳಲ್ಲಿ ಗ್ರಂಥಾಲಯ ನಡೆಸಿತು. ಹಳ್ಳಿಯಲ್ಲಿ ಗ್ರಂಥಾಲಯ ಎಂದರೆ ಸಾಮಾನ್ಯವಾಗಿ ಶಾಲೆಯ ಒಂದು ಮೂಲೆ, ನೋಡಿಕೊಳ್ಳುವವರು ಶಾಲೆಯ ಮೇಷ್ಟ್ರು. ಅಪ್ಪ ಮತ್ತು ಮಗ ಒಂದೇ ಜಾಗಕ್ಕೆ ಓದಲು ಬರುತ್ತಿದ್ದ ಕಾಲ ಅದು.

ಆಮೇಲಿನ ದಶಕಗಳಲ್ಲಿ ಕನ್ನಡದಲ್ಲಿ ಮಕ್ಕಳ ಪುಸ್ತಕಕ್ಕೆ ಬರ ಇರಲಿಲ್ಲ. ಕಾರಂತರ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು ಬಂದವು. ನಿರಂಜನರು ಸಂಪಾದಿಸಿದ ‘ಜ್ಞಾನ ಗಂಗೋತ್ರಿ’ ಕಿರಿಯರ ವಿಶ್ವಕೋಶ ಬಂತು. 1970ರ ದಶಕದಲ್ಲಿ ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಶುರುವಾದ ‘ಭಾರತ ಭಾರತಿ’ ಮಾಲೆಯಲ್ಲಿ 510 ಪುಟ್ಟ ಪುಸ್ತಕಗಳು ಬಂದವು. 1978ರಿಂದ ‘ಬಾಲ ವಿಜ್ಞಾನ’ ಮಾಸಪತ್ರಿಕೆ. ಪುಸ್ತಕ ಇರಲಿಲ್ಲ ಎಂದು ಇನ್ನು ಹೇಳುವ ಹಾಗಿಲ್ಲ. ನಮ್ಮ ಶಾಲೆಯ ದಾಸ್ತಾನು ವಹಿಯಲ್ಲೂ ಇಂಥ ಹಲವು ಹೆಸರುಗಳಿದ್ದವು.

ಹಾಗಾದರೆ ಅವು ಮಕ್ಕಳ ಕೈಗೆ ಯಾಕೆ ಬರಲಿಲ್ಲ?

ಸರಪಳಿ ಹಾಕಿದ ಪುಸ್ತಕ

ಇಲ್ಲಿ ಒಬ್ಬ ಗಣಿತದ ಮೇಷ್ಟ್ರ ಕಥೆ ಹೇಳಬೇಕು. ಎಸ್.ಆರ್. ರಂಗನಾಥನ್ ತಮಿಳುನಾಡಿನ ಶಿಯಾಳಿಯವರು, 1892ರಲ್ಲಿ ಹುಟ್ಟಿದವರು. ಮದ್ರಾಸಿನಲ್ಲಿ ಗಣಿತ ಕಲಿಸುತ್ತಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲಸಕ್ಕೆ ಸೇರಿದ ಕೆಲವೇ ದಿನಕ್ಕೆ ಬೇಸರವಾಗಿ, ಮತ್ತೆ ಪಾಠಕ್ಕೇ ಹೋಗುತ್ತೇನೆ ಎಂದು ಕೇಳಿಕೊಂಡಿದ್ದರಂತೆ. ಅವರನ್ನು ತರಬೇತಿಗೆ ಲಂಡನ್ನಿಗೆ ಕಳಿಸಿದರು. ಅಲ್ಲಿ ಹಳ್ಳಿ ಪೇಟೆಗಳ ಸಾಮಾನ್ಯ ಜನ, ಮಕ್ಕಳು, ಕೂಲಿಯವರು ಗ್ರಂಥಾಲಯಕ್ಕೆ ಬಂದು ಹೋಗುವುದನ್ನು ನೋಡಿದ ಮೇಲೆ ಅವರ ಮನಸ್ಸು ಬದಲಾಯಿತು.

1931ರಲ್ಲಿ ಅವರು ಗ್ರಂಥಾಲಯದ ಐದು ಸೂತ್ರಗಳ ಬಗ್ಗೆ ಪುಸ್ತಕ ಬರೆದರು. ಅವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಪುಸ್ತಕ ಇರುವುದು ಬಳಸುವುದಕ್ಕೆ. ಪ್ರತಿ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದನ್ನು ಓದುವವರು ಸಿಗಬೇಕು. ಓದುಗನ ಹೊತ್ತು ಹಾಳಾಗಬಾರದು. ಗ್ರಂಥಾಲಯ ಬೆಳೆಯುತ್ತಲೇ ಇರಬೇಕು.

ಮೊದಲನೆಯದು ಎಷ್ಟು ಸರಳ ಅನ್ನಿಸುತ್ತದೆ! ಆದರೆ ಅದನ್ನು ಹೇಳಬೇಕಾಗಿ ಬಂದದ್ದಕ್ಕೆ ಕಾರಣ ಇತ್ತು. ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಲ್ಲಿ ಕಪಾಟಿಗೆ ಕಟ್ಟಿಡುತ್ತಿದ್ದರು. ಇಂಗ್ಲೆಂಡಿನ ಹೆರ್‌ಫರ್ಡ್ ಚರ್ಚಿನಲ್ಲಿ ಅಂಥ ಗ್ರಂಥಾಲಯ ಇವತ್ತಿಗೂ ಇದೆ. ಕೈಯಲ್ಲಿ ಬರೆದ ಪುಸ್ತಕ, ಒಂದು ಹೋದರೆ ಇನ್ನೊಂದು ಇಲ್ಲ, ಹಾಗಾಗಿ ಸರಪಳಿ. ಅಚ್ಚಿನ ಯಂತ್ರ ಬಂದಮೇಲೂ ಕಾಯುವ ಅಭ್ಯಾಸ ಹೋಗಲಿಲ್ಲ. ನಮ್ಮ ಶಾಲೆಗಳಲ್ಲಿ ಸರಪಳಿ ಇರಲಿಲ್ಲ, ಬೀಗ ಇತ್ತು.

ರಂಗನಾಥನ್ ಪುಸ್ತಕ ಬಂದ 1931ರಲ್ಲೇ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಕನಕಸಭೈ ಪಿಳ್ಳೈ ಎಂಬುವರು ಎತ್ತಿನ ಗಾಡಿಯಲ್ಲಿ ಗ್ರಂಥಾಲಯ ಹೊರಡಿಸಿದರು. ಗಾಡಿ ಹಳ್ಳಿಗೆ ಹೋಗಿ ನಿಲ್ಲುತ್ತಿತ್ತು, ಜನ ಬಂದು ಪುಸ್ತಕ ಒಯ್ಯುತ್ತಿದ್ದರು. ಪುಸ್ತಕ ಕೊಟ್ಟರೆ ಜನ ತಿನ್ನುವುದಿಲ್ಲ ಎಂದು ಆ ಗಾಡಿ ತೋರಿಸಿಕೊಟ್ಟಿತು.

ಕೊನೆಗಾಲದಲ್ಲಿ ರಂಗನಾಥನ್ ನಮ್ಮ ಬೆಂಗಳೂರಿನಲ್ಲೇ ನೆಲೆಸಿದರು. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರ ಹುಟ್ಟುಹಬ್ಬವೆಂದು ಆಗಸ್ಟ್ 12ನ್ನು ಗ್ರಂಥಪಾಲಕರ ದಿನ ಎಂದು ಆಚರಿಸುತ್ತೇವೆ.

ಕಾಯ್ದೆ ಬಂತು, ಶಾಲೆ ಹೊರಗುಳಿಯಿತು

ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆದದ್ದು 1965ರಲ್ಲಿ, ಜಾರಿಗೆ ಬಂದದ್ದು 1966ರ ನವೆಂಬರ್ 1ರಂದು. ರಂಗನಾಥನ್ ವರ್ಷಾನುಗಟ್ಟಲೆ ಹೇಳುತ್ತಾ ಬಂದ ವಿಚಾರವೇ ಅದರ ಬೇರು. ಜಿಲ್ಲೆಗೊಂದು ಗ್ರಂಥಾಲಯ ಪ್ರಾಧಿಕಾರ, ದೊಡ್ಡ ನಗರಕ್ಕೆ ಪ್ರತ್ಯೇಕ ಪ್ರಾಧಿಕಾರ, ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ. ಈಗ ನೀವು ಮನೆಯ ತೆರಿಗೆ ಕಟ್ಟಿದ ರಸೀದಿ ತೆಗೆದು ನೋಡಿ. ‘ಗ್ರಂಥಾಲಯ ಕರ’ ಎಂದು ಒಂದು ಸಾಲು ಇರುತ್ತದೆ. ನೂರು ರೂಪಾಯಿ ತೆರಿಗೆಗೆ 6 ರೂಪಾಯಿ. ಅದು ನಿಮ್ಮ ದುಡ್ಡು, ಪುಸ್ತಕಕ್ಕೆಂದು ಕೊಟ್ಟದ್ದು.

ಇದು ದೊಡ್ಡ ಹೆಜ್ಜೆ. ಆದರೆ ಹೆಸರೇ ಹೇಳುವಂತೆ ಅದು ಸಾರ್ವಜನಿಕ ಗ್ರಂಥಾಲಯಗಳಿಗೆ ಮಾತ್ರ. ಹೈಸ್ಕೂಲಿನ ಗ್ರಂಥಾಲಯ ಅದರ ಹೊರಗೆ ಉಳಿಯಿತು. ಅದಕ್ಕೆ ಕರದ ಹಣವಿಲ್ಲ, ಪ್ರಾಧಿಕಾರವಿಲ್ಲ. ಮಕ್ಕಳು ಕಟ್ಟುವ ವಾಚನಾಲಯ ಶುಲ್ಕ, ಇಲಾಖೆಯಿಂದ ಆಗೀಗ ಬರುವ ಪುಸ್ತಕದ ಕಟ್ಟು, ದಾನಿಗಳು ಕೊಟ್ಟದ್ದು, ಇಷ್ಟರಲ್ಲೇ ನಡೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೂತು ಪುಸ್ತಕ ಕೊಡಲು ಒಬ್ಬ ಮನುಷ್ಯ ಇಲ್ಲ. ನವೋದಯ, ಕೇಂದ್ರೀಯ ವಿದ್ಯಾಲಯಗಳಲ್ಲಿ ಗ್ರಂಥಪಾಲಕರ ಹುದ್ದೆ ಇದೆ. ನಮ್ಮ ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಆ ಕೆಲಸ ಯಾವುದಾದರೂ ಮೇಷ್ಟ್ರ ತಲೆಗೆ ಬೀಳುತ್ತದೆ. ಅವರಿಗೆ ವಾರಪೂರ್ತಿ ಪಾಠ, ಜೊತೆಗೆ ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ, ಗಣತಿ ಕೆಲಸ.

ಇದು ಗೊತ್ತಿಲ್ಲದೆ ಆದ ತಪ್ಪಲ್ಲ. ಕಾಯ್ದೆ ಬರುವುದಕ್ಕೆ ಹನ್ನೆರಡು ವರ್ಷ ಮೊದಲೇ, 1952–53ರಲ್ಲಿ ಮುದಲಿಯಾರ್ ಆಯೋಗ ದೇಶದ ಪ್ರೌಢಶಿಕ್ಷಣವನ್ನು ಪರಿಶೀಲಿಸಿತ್ತು. ಬಹುಪಾಲು ಶಾಲೆಗಳಲ್ಲಿ ಗ್ರಂಥಾಲಯ ಎಂದು ಕರೆಯಬಹುದಾದದ್ದೇ ಇಲ್ಲ, ಇರುವ ಪುಸ್ತಕ ಹಳೆಯವು, ಮಕ್ಕಳ ಆಸಕ್ತಿ ನೋಡಿ ಆರಿಸಿದವಲ್ಲ, ನೋಡಿಕೊಳ್ಳುವವರು ಗುಮಾಸ್ತರೋ ಪುಸ್ತಕದ ಮೇಲೆ ಪ್ರೀತಿ ಇಲ್ಲದ ಶಿಕ್ಷಕರೋ ಎಂದು ಅದು ಬರೆದಿತ್ತು. ಎಪ್ಪತ್ತು ವರ್ಷದ ಹಿಂದಿನ ಆ ಮಾತನ್ನು ಓದಿದಾಗ ನನಗೆ ನಮ್ಮ ಸ್ಟಾಫ್ ರೂಮಿನ ಮೂಲೆಯೇ ಕಣ್ಣೆದುರು ಬಂತು.

ಬೀಗದ ಹಿಂದಿನ ಭಯ

ಮುದಲಿಯಾರ್ ಆಯೋಗ ಪ್ರೀತಿ ಇಲ್ಲ ಎಂದಿತು. ನಾನು ಇನ್ನೊಂದು ಮಾತು ಸೇರಿಸುತ್ತೇನೆ: ಭಯ.

ಸರ್ಕಾರಿ ಕಚೇರಿಯ ಲೆಕ್ಕದಲ್ಲಿ ಪುಸ್ತಕ ಎಂದರೆ ಕುರ್ಚಿ, ಮೇಜಿನ ಹಾಗೆ ದಾಸ್ತಾನು. ಒಂದು ಕಡಿಮೆಯಾದರೆ ಯಾರ ಹೆಸರಿನಲ್ಲಿ ಚಾರ್ಜ್ ಇದೆಯೋ ಅವರು ಉತ್ತರ ಕೊಡಬೇಕು. ವರ್ಗಾವಣೆಯಾದಾಗ ಎಣಿಸಿ ಒಪ್ಪಿಸಬೇಕು. ಮಗು ಪುಸ್ತಕ ಕಳೆದರೆ ಮೇಷ್ಟ್ರ ಜೇಬಿಗೆ ಕತ್ತರಿ ಬೀಳುವ ಹೆದರಿಕೆ. ಆದರೆ ಗೆದ್ದಲು ತಿಂದರೆ? ಅದು ಹಾಳಾದ ಪುಸ್ತಕ, ಪಟ್ಟಿ ಮಾಡಿ ತೆಗೆದುಹಾಕಬಹುದು. ಮಗುವಿಗೆ ಕೊಡುವುದಕ್ಕಿಂತ ಗೆದ್ದಲಿಗೆ ಬಿಡುವುದೇ ಕ್ಷೇಮ ಅನ್ನಿಸುವ ಹಾಗೆ ಲೆಕ್ಕದ ಪದ್ಧತಿ ಇತ್ತು. ನಮ್ಮ ಮೇಷ್ಟ್ರು ಬೀಗ ಹಾಕಿದ್ದು ಇದಕ್ಕೆ ಎಂದು ಈಗ ನನಗೆ ಅರ್ಥವಾಗುತ್ತದೆ.

ನಿಜ ಹೇಳಬೇಕೆಂದರೆ ಸರ್ಕಾರದ ನಿಯಮಗಳೇ ಇಷ್ಟು ಕಟುವಾಗಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯದ ಬಗ್ಗೆ ಒಂದು ಮಾತಿದೆ. ವರ್ಷಕ್ಕೆ ಓದಲು ಕೊಟ್ಟ ಪ್ರತಿ 1000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ಎಂದು ಒಪ್ಪಬಹುದು, ಅದರಲ್ಲಿ ಮೋಸವೋ ಬೇಜವಾಬ್ದಾರಿಯೋ ಇರಬಾರದು ಅಷ್ಟೆ. ಆ ನಿಯಮ ಕೇಂದ್ರದ ಕಚೇರಿಗಳಿಗೆ ಮಾಡಿದ್ದು. ಆದರೂ ಅದರ ಹಿಂದಿನ ತಿಳಿವಳಿಕೆ ಗಮನಿಸಿ. ಲೆಕ್ಕ ಹಾಕಿರುವುದು ಬೀರುವಿನಲ್ಲಿ ಎಷ್ಟಿದೆ ಎಂದಲ್ಲ, ಎಷ್ಟು ಕೊಟ್ಟಿರಿ ಎಂದು. ಓದಿದರೆ ಒಂದಿಷ್ಟು ಹರಿಯುತ್ತದೆ, ಒಂದಿಷ್ಟು ಕಳೆಯುತ್ತದೆ ಎಂದು ಹಣಕಾಸು ಇಲಾಖೆಯವರೇ ಒಪ್ಪಿಕೊಂಡಿದ್ದಾರೆ.

ಕಾನೂನು ಎಂಟನೇ ಕ್ಲಾಸಿಗೆ ನಿಂತಿತು

1987ರಲ್ಲಿ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆ ಬಂದು ಪ್ರಾಥಮಿಕ ಶಾಲೆಗಳಿಗೆ ಕೊಠಡಿ, ಶಿಕ್ಷಕರ ಜೊತೆ ಪುಸ್ತಕಗಳನ್ನೂ ಕೊಟ್ಟಿತು. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಅದರ ಅನುಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ: ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಎಲ್ಲ ವಿಷಯಗಳ ಪುಸ್ತಕ, ಕಥೆಪುಸ್ತಕ ಸಿಗಬೇಕು.

ಆದರೆ ಈ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಒಂದರಿಂದ ಎಂಟನೇ ತರಗತಿವರೆಗೆ. ನಮ್ಮ ಹೈಸ್ಕೂಲಿನಲ್ಲಿ ಎಂಟು, ಒಂಬತ್ತು, ಹತ್ತು ಇರುತ್ತವೆ. ಎಂಟನೇ ಕ್ಲಾಸಿನ ಹುಡುಗಿಗೆ ಗ್ರಂಥಾಲಯ ಕಾನೂನಿನ ಹಕ್ಕು. ಅದೇ ಹುಡುಗಿ ಪಾಸಾಗಿ ಪಕ್ಕದ ಕೊಠಡಿಗೆ ಹೋಗಿ ಒಂಬತ್ತನೇ ಕ್ಲಾಸಿನಲ್ಲಿ ಕೂತರೆ ಆ ಹಕ್ಕು ಅವಳ ಜೊತೆ ಬರುವುದಿಲ್ಲ. ಹಳ್ಳಿಯಲ್ಲಿ ಹೆಣ್ಣುಮಕ್ಕಳ ಓದು ನಿಲ್ಲುವ ವಯಸ್ಸೂ ಹೆಚ್ಚುಕಡಿಮೆ ಅದೇ.

2018ರಿಂದ ನಡೆಯುತ್ತಿರುವ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಹೈಸ್ಕೂಲುಗಳಿಗೂ ಗ್ರಂಥಾಲಯ ಅನುದಾನ ಇದೆ. ಶಾಲೆಯ ಹಂತ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ. 200 ಮಕ್ಕಳ ಶಾಲೆಗೆ 10,000 ಬಂತು ಎಂದುಕೊಂಡರೆ ತಲಾ 50 ರೂಪಾಯಿ. ಒಬ್ಬ ಹುಡುಗನಿಗೆ ಒಂದು ಪುಸ್ತಕ ಕೊಳ್ಳಲೂ ಸಾಲದು ಅನ್ನಿಸಬಹುದು. ಆದರೆ 100 ರೂಪಾಯಿಯ 100 ಪುಸ್ತಕ ತಂದು, ಅವು ಒಬ್ಬರಿಂದ ಒಬ್ಬರಿಗೆ ತಿರುಗಿದರೆ ಎಲ್ಲರೂ ವರ್ಷಕ್ಕೆ ಹತ್ತು ಪುಸ್ತಕ ಓದಬಹುದು. ಬೀರುವಿನಲ್ಲಿದ್ದರೆ 10,000 ರೂಪಾಯಿಯೂ ವ್ಯರ್ಥ.

ಪೇಟೆಯ ಮಕ್ಕಳು, ಹಳ್ಳಿಯ ಮಕ್ಕಳು

ದಾವಣಗೆರೆ ಈಗ ವಿದ್ಯೆಯ ಊರು. ಹತ್ತಿ ಗಿರಣಿಗಳ ಸದ್ದು ಕಡಿಮೆಯಾಗುತ್ತಾ ಬಂದ ಹಾಗೆ ಕಾಲೇಜುಗಳ ಸದ್ದು ಹೆಚ್ಚಾಯಿತು. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಶುರುವಾಯಿತು, ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿ, ದಾವಣಗೆರೆ ವಿಶ್ವವಿದ್ಯಾನಿಲಯ 2009ರಲ್ಲಿ. 1992ರಲ್ಲಿ ಮತ್ತೊಮ್ಮೆ ಸಾಹಿತ್ಯ ಸಮ್ಮೇಳನ ಇಲ್ಲಿ ನಡೆಯಿತು, ಅಧ್ಯಕ್ಷರು ಜಿ.ಎಸ್. ಶಿವರುದ್ರಪ್ಪನವರು. ಪೇಟೆಯ ಹುಡುಗನಿಗೆ ಶಾಲೆಯ ಬೀರು ಮುಚ್ಚಿದ್ದರೂ ಸಾರ್ವಜನಿಕ ಗ್ರಂಥಾಲಯ ಇದೆ, ಪುಸ್ತಕದ ಅಂಗಡಿ ಇದೆ, ಓದಿದ ಅಪ್ಪ ಅಮ್ಮ ಇದ್ದಾರೆ.

ಮಲೇಬೆನ್ನೂರಿನ ಆಚೆಯ, ಮಾಯಕೊಂಡದ ಸುತ್ತಿನ, ಆನಗೋಡಿನ ಕಡೆಯ ಹಳ್ಳಿ ಹುಡುಗಿಗೆ ಅವು ಯಾವುವೂ ಇಲ್ಲ. ಸಂಜೆ ಬಸ್ಸು ತಪ್ಪಿದರೆ ಮನೆಯಲ್ಲಿ ಗಲಾಟೆ. ಪೇಟೆಯ ಗ್ರಂಥಾಲಯದಲ್ಲಿ ಕೂತು ಓದುವ ಮಾತೇ ಇಲ್ಲ. ಮನೆಯಲ್ಲಿ ಪುಸ್ತಕ ಎಂದರೆ ಪಠ್ಯಪುಸ್ತಕ ಮತ್ತು ಪಂಚಾಂಗ. ಅವಳಿಗೆ ಶಾಲೆಯ ಬೀರು ಒಂದೇ ದಾರಿ. ಹಾಗಾಗಿ ಅದಕ್ಕೆ ಬೀಗ ಬಿದ್ದರೆ ನಷ್ಟ ಎಲ್ಲರಿಗೂ ಸಮಾನವಲ್ಲ.

ಪಂಚಾಯಿತಿ ಕಡೆಯಿಂದ ತೆರೆದ ಬಾಗಿಲು

ಈಚೆಗೆ ಒಂದು ಒಳ್ಳೆಯ ಬದಲಾವಣೆ ಶಾಲೆಯ ಹೊರಗಿನಿಂದ ಬಂದಿದೆ. ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. 2020ರಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾಯಿತು. ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ. ಈಗ ಅವನ್ನು ‘ಅರಿವು ಕೇಂದ್ರ’ ಎಂದು ಕರೆಯುತ್ತಾರೆ. ಅಲ್ಲಿನ ಮೇಲ್ವಿಚಾರಕರು ಬಹುಕಾಲ ತೀರಾ ಕಡಿಮೆ ಗೌರವಧನಕ್ಕೆ ದುಡಿದವರು, ಅವರನ್ನು ಮರೆಯಬಾರದು.

ಅದೇ 2020ರಲ್ಲಿ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೂ ಶುರುವಾಯಿತು. ನೀವು ಈಗ ಇದನ್ನು ಓದುತ್ತಿರುವ ಫೋನಿನಲ್ಲೇ ಅದು ಸಿಗುತ್ತದೆ. ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ನಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತ. ಆದರೆ ಮನೆಗೆ ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ ಇರುವಾಗ ಮಗು ಓದುವುದು ಯಾವಾಗ? ಕೈಗೆ ಸಿಗುವ ಕಾಗದದ ಪುಸ್ತಕದ ಜಾಗವನ್ನು ಫೋನು ಇನ್ನೂ ತುಂಬಿಲ್ಲ.

ನಾವು ಮಾಡಬಹುದಾದದ್ದು

ಇಷ್ಟು ಹಿಂದಕ್ಕೆ ಹೋಗಿ ಬಂದಮೇಲೆ ನನಗೆ ಕಂಡದ್ದು ಇಷ್ಟು. ಹಳ್ಳಿಯ ಹೈಸ್ಕೂಲಿನಲ್ಲಿ ಪುಸ್ತಕದ ಕೊರತೆಗಿಂತ ದೊಡ್ಡದು ಜವಾಬ್ದಾರಿಯ ಕೊರತೆ. ಸಾರ್ವಜನಿಕ ಗ್ರಂಥಾಲಯಕ್ಕೆ ಒಂದು ಕಾಯ್ದೆ ಇದೆ, ಎಂಟನೇ ಕ್ಲಾಸಿನವರೆಗೆ ಇನ್ನೊಂದು ಕಾಯ್ದೆ ಇದೆ. ನಡುವೆ ಬಿಟ್ಟುಹೋದ ಒಂಬತ್ತು ಹತ್ತನೇ ಕ್ಲಾಸಿನ ಮಕ್ಕಳ ಗ್ರಂಥಾಲಯ ಒಬ್ಬ ಮೇಷ್ಟ್ರ ಧೈರ್ಯದ ಮೇಲೆ ನಿಂತಿದೆ. ಆ ಧೈರ್ಯವನ್ನು ಊರಿನವರು ಕೊಡಬಹುದು.

ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋದಾಗ ಮೂರು ಪ್ರಶ್ನೆ ಕೇಳಿ. ಈ ವರ್ಷ ಗ್ರಂಥಾಲಯಕ್ಕೆ ಎಷ್ಟು ಅನುದಾನ ಬಂತು? ಯಾವ ಪುಸ್ತಕ ತಂದಿರಿ, ಆರಿಸುವಾಗ ಮಕ್ಕಳನ್ನು ಕೇಳಿದಿರಾ? ಹೋದ ತಿಂಗಳು ಎಷ್ಟು ಪುಸ್ತಕ ಮಕ್ಕಳ ಮನೆಗೆ ಹೋದವು? ಕೊನೆಯದೇ ಮುಖ್ಯ. ಜೊತೆಗೆ ಇದನ್ನೂ ಹೇಳಿ: ಒಂದೆರಡು ಪುಸ್ತಕ ಕಳೆದರೆ ಮೇಷ್ಟ್ರನ್ನು ಕೇಳುವುದಿಲ್ಲ, ಊರಿನವರೇ ಸೇರಿ ತಂದುಕೊಡುತ್ತೇವೆ. ಈ ಮಾತು ಸಭೆಯ ನಡಾವಳಿ ವಹಿಯಲ್ಲಿ ಬರೆಸಿ.

ನಿಮ್ಮ ಶಾಲೆಯ ಹಳೆಯ ವಹಿಗಳನ್ನು ರದ್ದಿಗೆ ಹಾಕಲು ಬಿಡಬೇಡಿ. ಯಾವ ವರ್ಷ ಯಾವ ಪುಸ್ತಕ ಬಂತು, ಬೆಲೆ ಎಷ್ಟಾಣೆ, ಯಾರು ದಾನ ಕೊಟ್ಟರು, ಯಾವ ಮಗು ಒಯ್ದಿತು ಎಂಬುದೆಲ್ಲ ಅದರಲ್ಲಿರುತ್ತದೆ. ಹಳ್ಳಿಯ ಓದಿನ ಇತಿಹಾಸ ಬರೆಯಲು ಅದಕ್ಕಿಂತ ಒಳ್ಳೆಯ ದಾಖಲೆ ಇನ್ನೊಂದಿಲ್ಲ.

ನಮ್ಮ ಶಾಲೆಯ ಹೊಸ ಶಿಕ್ಷಕಿ ಗೆದ್ದಲು ಹಿಡಿದವನ್ನು ಬೇರೆ ಮಾಡಿ, ಉಳಿದವನ್ನು ತರಗತಿಯ ಕೊಠಡಿಯಲ್ಲಿ ಹಗ್ಗ ಕಟ್ಟಿ ನೇತುಹಾಕಿದ್ದಾರೆ. ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರು ವಹಿ ಬರೆಯುತ್ತಾರೆ. ಮೊನ್ನೆ ಮತ್ತೆ ಹೋದಾಗ ಆ ವಹಿ ನೋಡಿದೆ. ಮೂರು ಪುಟ ತುಂಬಿತ್ತು. ಎರಡು ಪುಸ್ತಕ ವಾಪಸ್ ಬಂದಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ‘ಯಾರೋ ಓದ್ತಾ ಇರ್ತಾರೆ ಬಿಡಿ’ ಎಂದರು ಶಿಕ್ಷಕಿ.